ಮಗಳಿಗೆ ಅಂತ ಸೇರಿದೆ, ಓದಿದ್ದು ನಾನು: ರೀಡರ್‌ಗರ್ಲ್ಜ್ ಬಗ್ಗೆ ನನ್ನ ರಿವ್ಯೂ

ಹೋದ ತಿಂಗಳು ತಿಪಟೂರಿನಿಂದ ತಮ್ಮ ಫೋನ್ ಮಾಡಿದ್ದ. ಅವನ ಮಗಳಿಗೆ ಈಗ ಹದಿಮೂರು. "ಅಕ್ಕಾ, ಈ ವಯಸ್ಸಿನ ಹೆಣ್ಣುಮಕ್ಕಳು ಪುಸ್ತಕ ಓದಿ ಮಾತಾಡ್ಕೊಳ್ಳೋಕೆ ಆನ್‌ಲೈನಲ್ಲಿ ಒಳ್ಳೆ ಜಾಗ ಇದ್ರೆ ಹೇಳು. ನಿನ್ನ ಮಗಳು ಆಗ ಯಾವುದಕ್ಕೋ ಸೇರಿದ್ದಳಲ್ಲ" ಅಂದ.

ಸೇರಿದ್ದು ಮಗಳಲ್ಲ, ನಾನು. ಆ ಕತೆ ಫೋನಲ್ಲಿ ಹೇಳಿದರೆ ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೋಟೆಲ್ಲು, ಮಿಕ್ಸಿ, ಇಡ್ಲಿ ರವೆ ಬಗ್ಗೆ ರಿವ್ಯೂ ಬರೆದು ಬರೆದು ನನಗೆ ಅಭ್ಯಾಸ ಇದೆ. ಓದುಗರ ಬಳಗಕ್ಕೆ ರಿವ್ಯೂ ಬರೆಯುತ್ತಿರುವುದು ಇದೇ ಮೊದಲು. ಸ್ಟಾರ್ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕು. ಒಂದು ಯಾಕೆ ಕಿತ್ತುಕೊಂಡೆ ಅನ್ನುವುದು ಕೊನೆಗೆ ಬರುತ್ತದೆ.

ಬಳಗದ ಹೆಸರು ರೀಡರ್‌ಗರ್ಲ್ಜ್. ಕೊನೆಯಲ್ಲಿ ಎಸ್ ಅಲ್ಲ, ಜೆಡ್. ಆ ಜೆಡ್ ನೋಡಿದಾಗಲೆಲ್ಲ ನನಗೆ ಕೆಂಪು ಪೆನ್ನು ತೆಗೆದು ತಿದ್ದಬೇಕು ಅನ್ನಿಸುತ್ತಿತ್ತು. ಮಗಳು "ಅದು ಸ್ಟೈಲ್ ಅಮ್ಮಾ" ಅಂದಳು. ಸರಿ, ಸ್ಟೈಲ್ ಅಂತಾದರೆ ಸ್ಟೈಲು.

ಇದು ಶುರುವಾದದ್ದು 2007ರ ಮಾರ್ಚ್‌ನಲ್ಲಿ. ಅಮೆರಿಕದಲ್ಲಿ ಮಾರ್ಚ್ ಅಂದರೆ ಮಹಿಳೆಯರ ಇತಿಹಾಸದ ತಿಂಗಳು. ಶುರು ಮಾಡಿದವರು ನಾಲ್ಕು ಜನ ಲೇಖಕಿಯರು: ಡಿಯಾ ಕ್ಯಾಲ್‌ಹೂನ್, ಜಾನೆಟ್ ಲೀ ಕ್ಯಾರಿ, ಲೋರಿ ಆ್ಯನ್ ಗ್ರೋವರ್, ಜಸ್ಟಿನಾ ಚೆನ್. ನಾಲ್ವರೂ ನಮ್ಮ ವಾಷಿಂಗ್ಟನ್ ರಾಜ್ಯದವರೇ. ನಾವಿರುವುದು ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿ, ಹಾಗಾಗಿ ನಮ್ಮೂರಿನವರು ಅನ್ನುವ ಸಲಿಗೆ ನನಗೆ ಮೊದಲೇ ಬಂದುಬಿಟ್ಟಿತ್ತು. ನಾಲ್ವರೂ ಹದಿಹರೆಯದವರಿಗೆ ಬರೆಯುವವರು, ಆದರೆ ಒಬ್ಬರ ಬರಹದ ಹಾಗೆ ಇನ್ನೊಬ್ಬರದಿಲ್ಲ. ಕ್ಯಾಲ್‌ಹೂನ್ ಮತ್ತು ಕ್ಯಾರಿ ಮಾಯಾಲೋಕದ ಕತೆ ಬರೆಯುವವರು. ಗ್ರೋವರ್ ಪದ್ಯದಲ್ಲೇ ಕಾದಂಬರಿ ಬರೆದವರು. ಚೆನ್ ತೈವಾನ್ ಮೂಲದ ಕುಟುಂಬದವರು, ಎರಡು ಕಡೆಯೂ ಪೂರ್ತಿ ಸೇರದ ಹುಡುಗಿಯ ಪಾಡು ಅವರಿಗೆ ಗೊತ್ತು. ಇವರೆಲ್ಲ ತಮ್ಮನ್ನು ತಾವೇ 'ದೀವಾ', ಅಂದರೆ ಮೆರೆಯುವ ತಾರೆ, ಅಂತ ಕರೆದುಕೊಳ್ಳುತ್ತಿದ್ದರು. ನಮ್ಮ ಕಡೆ ಲೇಖಕಿಯೊಬ್ಬರು ಹಾಗೆ ಕರೆದುಕೊಂಡಿದ್ದರೆ ಮುಂದಿನ ವಾರ ಪತ್ರಿಕೆಗೆ ಹತ್ತು ಪತ್ರ ಬರುತ್ತಿದ್ದವು.

ವ್ಯವಸ್ಥೆ ಸರಳವಾಗಿತ್ತು. ತಿಂಗಳಿಗೊಂದು ಕಾದಂಬರಿ. ಅದರಲ್ಲಿ ದಿಟ್ಟ ಹುಡುಗಿಯೊಬ್ಬಳು ಇರಬೇಕು, ಅದೊಂದೇ ಷರತ್ತು. ಪುಸ್ತಕದ ಜೊತೆಗೆ ಲೇಖಕರ ಸಂದರ್ಶನ, ಮಾತಾಡಲು ಒಂದಷ್ಟು ಪ್ರಶ್ನೆ, ಆ ಕತೆಗೆ ಹೊಂದುವ ಹಾಡುಗಳ ಪಟ್ಟಿ. ಜೊತೆಗೆ ಓದಿದ ಮೇಲೆ ಊರಿಗಾಗಿ ಮಾಡಬಹುದಾದ ಒಂದು ಕೆಲಸ. ಓದು, ಯೋಚಿಸು, ಕೈ ಚಾಚು. ಈ ಮೂರು ಅವರ ಮಂತ್ರ. ಮೊದಲ ಎರಡನ್ನು ಯಾವ ಮೇಷ್ಟ್ರು ಬೇಕಾದರೂ ಹೇಳುತ್ತಾರೆ, ಮೂರನೆಯದು ಹೊಸದು. ದುಡ್ಡು ಕಾಸು ಏನೂ ಇಲ್ಲ, ಪೂರ್ತಿ ಉಚಿತ.

ಇದೆಲ್ಲ ನಡೆಯುತ್ತಿದ್ದದ್ದು ಆಗಿನ ಸೋಷಿಯಲ್ ಮೀಡಿಯಾ ತಾಣ ಮೈಸ್ಪೇಸ್‌ನಲ್ಲಿ. ಈಗಿನ ಮಕ್ಕಳಿಗೆ ಆ ಹೆಸರು ಹೇಳಿದರೆ ಅಜ್ಜಿ ಕಾಲದ ಟ್ರಂಕು ನೋಡಿದ ಹಾಗೆ ನೋಡುತ್ತಾರೆ. ಆಗ ಇಲ್ಲಿನ ಹುಡುಗ ಹುಡುಗಿಯರೆಲ್ಲ ಅಲ್ಲೇ ಇದ್ದರು. ಲೇಖಕಿಯರು ಅಲ್ಲಿಗೇ ಹೋದದ್ದು ಜಾಣತನ. ನಮ್ಮ ಮನೆಗೆ ಬನ್ನಿ ಅಂತ ಕರೆಯಲಿಲ್ಲ, ಹುಡುಗಿಯರು ಹರಟೆ ಹೊಡೆಯುತ್ತಿದ್ದ ಕಟ್ಟೆಗೇ ಇವರು ಹೋಗಿ ಕೂತರು.

ಆದರೆ ಆ ಕಟ್ಟೆಯ ಮೇಲೆ ಅಮ್ಮಂದಿರಿಗೆ ನಂಬಿಕೆ ಇರಲಿಲ್ಲ. ಟಿವಿ ಹಾಕಿದರೆ ಸಾಕು, ಮೈಸ್ಪೇಸ್‌ನಲ್ಲಿ ಯಾರೋ ಯಾರಿಗೋ ಬಲೆ ಬೀಸಿದ ಸುದ್ದಿ. ಸೇರಲು ಹದಿನಾಲ್ಕು ತುಂಬಿರಬೇಕು ಅನ್ನುವ ನಿಯಮವೂ ಇತ್ತು. ಮಗಳಿಗೆ ಆಗ ಹದಿಮೂರು, ಡಿಸೆಂಬರಿಗೆ ಹದಿನಾಲ್ಕು. "ಕ್ಲಾಸಲ್ಲಿ ಎಲ್ಲರೂ ಸುಳ್ಳು ವಯಸ್ಸು ಹಾಕಿದ್ದಾರೆ" ಅಂತ ವಾದ. "ಎಲ್ಲರೂ ಹಾಕಲಿ, ನಮ್ಮ ಮನೇಲಿ ಆಗಲ್ಲ" ಅಂತ ನಾನು. ಮೂರು ದಿನ ಮಾತಿಲ್ಲ ಕತೆಯಿಲ್ಲ. ನಾಲ್ಕನೇ ದಿನ ರಾಜಿ ಆಯಿತು. ಅಕೌಂಟ್ ನನ್ನ ಹೆಸರಲ್ಲಿ, ವಯಸ್ಸು ನನ್ನದೇ, ಕಂಪ್ಯೂಟರ್ ಅಡುಗೆಮನೆ ಪಕ್ಕದಲ್ಲಿ, ಕೂರುವುದು ಇಬ್ಬರೂ ಒಟ್ಟಿಗೆ.

ಅಕೌಂಟ್ ತೆರೆದ ತಕ್ಷಣ ಬಿಳಿ ಟೀ ಶರ್ಟಿನ ಒಬ್ಬ ಗಂಡಸು ಹಿಂತಿರುಗಿ ನಗುತ್ತಾ ನನ್ನ ಫ್ರೆಂಡ್ ಅಂತ ಬಂದು ಕೂತಿದ್ದ. ನನ್ನ ಎದೆ ಧಸಕ್ ಅಂದಿತು. "ನೋಡಿದ್ಯಾ, ಹೇಳಿರಲಿಲ್ವಾ ನಾನು?" ಅಂದೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಟಾಮ್, ಮೈಸ್ಪೇಸ್ ಕಟ್ಟಿದವರಲ್ಲಿ ಒಬ್ಬ. ಯಾರು ಸೇರಿದರೂ ಅವನೇ ಮೊದಲ ಫ್ರೆಂಡಂತೆ. ಹೀಗೆ ನಲವತ್ತರ ಹತ್ತಿರದ ತಿಪಟೂರಿನ ಹೆಂಗಸೊಬ್ಬಳು ಅಮೆರಿಕದ ಹುಡುಗಿಯರ ಓದುಗರ ಬಳಗ ಸೇರಿದಳು.

ನಿಜ ಹೇಳಬೇಕೆಂದರೆ ನನಗೆ ಇನ್ನೊಂದು ಅನುಮಾನವೂ ಇತ್ತು. ಲೇಖಕರೇ ಓದುಗರ ಬಳಗ ಕಟ್ಟುತ್ತಾರೆ ಅಂದರೆ ಏನರ್ಥ? ಅಂಗಡಿಯವನೇ ಬೀದಿಗೆ ಬಂದು ಗಿರಾಕಿ ಕರೆದ ಹಾಗಲ್ವಾ? ತಮ್ಮ ಪುಸ್ತಕ ಮಾರಿಕೊಳ್ಳಲು ಒಂದು ದಾರಿ ಇರಬೇಕು ಅಂದುಕೊಂಡಿದ್ದೆ. ಸ್ವಲ್ಪ ಮಟ್ಟಿಗೆ ಅದು ಇದ್ದೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಬರೆದದ್ದು ಓದಬೇಕು ಅಂತ ಯಾರಿಗೆ ಆಸೆ ಇರುವುದಿಲ್ಲ? ಆದರೆ ಇವರು ಬೇರೆಯವರ ಪುಸ್ತಕಗಳಿಗೆ ಕೊಟ್ಟ ಜಾಗ ನೋಡಿದ ಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ಈ ವಿಷಯದಲ್ಲಿ ನನ್ನ ಮನಸ್ಸು ಮೆತ್ತಗಾಗಲು ಹಳೇ ಕಾರಣ ಒಂದಿದೆ. ತಿಪಟೂರಲ್ಲಿ ನಮ್ಮ ಬೀದಿ ಕೊನೆಗೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಬಾಡಿಗೆಗೆ ಕಾದಂಬರಿ ಕೊಡುತ್ತಿದ್ದರು. ಲೈಬ್ರರಿ ಅನ್ನುವುದು ಹೆಸರಿಗೆ, ನಿಂತುಕೊಂಡರೆ ಇಬ್ಬರಿಗೆ ಮಾತ್ರ ಜಾಗ. ಹದಿನೈದನೇ ವಯಸ್ಸಿನಲ್ಲಿ ಒಂದು ಕಾದಂಬರಿ ಓದಿ, ರಾತ್ರಿಯೆಲ್ಲ ಅತ್ತು, ಅದನ್ನು ಬರೆದ ಲೇಖಕಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಬರೆದಿದ್ದೆ. ಮೂರೂ ಮಡಿಕೆ ತುಂಬಿ, ಅಂಟು ಹಚ್ಚುವ ಅಂಚಿನ ಮೇಲೂ ಬರೆದಿದ್ದೆ. ನಾಲ್ಕು ತಿಂಗಳಾದ ಮೇಲೆ ಹದಿನೈದು ಪೈಸೆಯ ಕಾರ್ಡೊಂದು ಬಂತು. ಎರಡೇ ಸಾಲು. ಕಾಗದ ತಲುಪಿತು, ಚೆನ್ನಾಗಿ ಓದು ಅಂತ. ನನ್ನ ಕೈಗೆ ಬರುವ ಮೊದಲೇ ಪೋಸ್ಟ್‌ಮ್ಯಾನ್ ಓದಿದ್ದ, ಎದುರು ಮನೆಯವರಿಗೂ ಹೇಳಿದ್ದ. ಆ ಕಾರ್ಡನ್ನು ನಾನು ಮದುವೆಯಾಗಿ ಬರುವಾಗಲೂ ತಂದೆ. ಆದರೆ ಆ ಎರಡು ಸಾಲಿಗೆ ಮರುಪ್ರಶ್ನೆ ಕೇಳಲು ನನಗೆ ದಾರಿ ಇರಲಿಲ್ಲ. ಇನ್ನೊಂದು ಕಾಗದ ಬರೆದರೆ ತಲೆಹರಟೆ ಅಂದುಕೊಂಡಾರು ಅಂತ ಸುಮ್ಮನಾದೆ.

ಮೊದಲ ಚಾಟ್ ದಿನ ನನಗೆ ನೆನಪಾದದ್ದು ಆ ಕಾರ್ಡೇ.

ಚಾಟ್ ಸಂಜೆ ಆರಕ್ಕೆ. ನ್ಯೂಯಾರ್ಕ್ ಕಡೆಯವರಿಗೆ ಆಗ ರಾತ್ರಿ ಒಂಬತ್ತು, ಊಟ ಮುಗಿಸಿ ಕೂರುತ್ತಿದ್ದರು. ನಮಗೆ ಅದೇ ಅಡುಗೆ ಹೊತ್ತು. ಆ ತಿಂಗಳ ಪುಸ್ತಕ ಬರೆದವರು ಬಂದು ಕೂತಿರುತ್ತಿದ್ದರು, ಹುಡುಗಿಯರು ಕೇಳುತ್ತಾ ಹೋಗುತ್ತಿದ್ದರು. ನಾನು ಟೈಪ್ ಮಾಡುವುದು, ಮಗಳು ಪಕ್ಕದಲ್ಲಿ ನಿಂತು ಹೇಳುವುದು, ಹಿಂದೆ ಕುಕ್ಕರ್ ಕೂಗುವುದು. ಸಾಲುಗಳು ಸರಸರ ಮೇಲೆ ಹೋಗುತ್ತಿದ್ದವು. ನಾನು ಒಂದು ವಾಕ್ಯ ಟೈಪ್ ಮಾಡುವಷ್ಟರಲ್ಲಿ ಟೆಕ್ಸಸ್ಸಿನ ಹುಡುಗಿಯೊಬ್ಬಳು ನಾಲ್ಕು ಪ್ರಶ್ನೆ ಕೇಳಿ ಮುಗಿಸಿರುತ್ತಿದ್ದಳು. "ಅಮ್ಮಾ, ಫುಲ್‌ಸ್ಟಾಪ್ ಬೇಡ, ಬೇಗ ಹಾಕು!" ಅಂತ ಇವಳ ಗೋಳು.

ಒಂದು ಸಂಜೆ ಮಗಳು ಕೇಳಿದ ಪ್ರಶ್ನೆ ಇವತ್ತಿಗೂ ನೆನಪಿದೆ. ಆ ಕತೆಯ ಹುಡುಗಿ ಮನೆ ಬಿಟ್ಟು ಹೋಗುತ್ತಾಳೆ. ಇವಳು ಕೇಳಿಸಿದಳು: ಅಷ್ಟು ದಿನದಲ್ಲಿ ಅವಳು ಅಮ್ಮನಿಗೆ ಒಂದು ಸಲವೂ ಯಾಕೆ ಫೋನ್ ಮಾಡಲಿಲ್ಲ? ನಾನು ಅದನ್ನು ಟೈಪ್ ಮಾಡಿದೆ. ಬೆರಳು ಸ್ವಲ್ಪ ನಿಧಾನವಾಯಿತು. ಲೇಖಕಿಯಿಂದ ಉತ್ತರ ಬಂತು. ಅವಳಿಗೆ ಭಯ ಇತ್ತು, ಅಮ್ಮನ ದನಿ ಕೇಳಿದರೆ ವಾಪಸ್ ಹೋಗಿಬಿಡುತ್ತೇನೆ ಅಂತ, ಅನ್ನುವ ಅರ್ಥದಲ್ಲಿ. ಆಮೇಲೆ ಅವರೇ ತಿರುಗಿ ಕೇಳಿದರು, ನೀನಾಗಿದ್ದರೆ ಮಾಡುತ್ತಿದ್ದೆಯಾ?

ಮಗಳು ಏನೂ ಹೇಳಲಿಲ್ಲ. ನನ್ನ ಕಡೆ ನೋಡಿದಳು. ನಾನು ಕೀಬೋರ್ಡ್ ನೋಡಿದೆ. ಕುಕ್ಕರ್ ಮೂರನೇ ಸಲ ಕೂಗಿತು. "ನೀನು ಹೋಗಿ ಆಫ್ ಮಾಡು, ಇದನ್ನ ನಾನೇ ಟೈಪ್ ಮಾಡ್ತೀನಿ" ಅಂದಳು. ನಾನು ಎದ್ದು ಹೋದೆ. ಬೇಳೆ ಬೆಂದು ಗಂಜಿಯಾಗಿತ್ತು. ವಾಪಸ್ ಬರುವಷ್ಟರಲ್ಲಿ ಅವಳ ಸಾಲು ಮೇಲೆ ಹೋಗಿಬಿಟ್ಟಿತ್ತು. ಹುಡುಕಲಿಲ್ಲ ನಾನು. ಹುಡುಕಬಹುದಿತ್ತು, ಅಕೌಂಟ್ ನನ್ನದೇ ಅಲ್ವಾ. ಆದರೂ ಹುಡುಕಲಿಲ್ಲ.

ನಾನು ನಾಲ್ಕು ಸ್ಟಾರ್ ಕೊಟ್ಟಿರುವುದರಲ್ಲಿ ಎರಡು ಆ ಒಂದು ಮರುಪ್ರಶ್ನೆಗೆ. ಓದುಗರ ಪತ್ರಕ್ಕೆ ಉತ್ತರ ಕೊಡುವ ಲೇಖಕರು ಎಲ್ಲ ಕಾಲದಲ್ಲೂ ಇದ್ದರು. ಹದಿಮೂರರ ಹುಡುಗಿಯನ್ನು ತಿರುಗಿ ಕೇಳುವವರು ಕಡಿಮೆ.

ಆ ವರ್ಷ ಅಕ್ಟೋಬರ್‌ನಲ್ಲಿ ಇವರು ಇನ್ನೂ ದೊಡ್ಡ ಸಾಹಸಕ್ಕೆ ಕೈ ಹಾಕಿದರು. ಮೂವತ್ತೊಂದು ದಿನ, ಮೂವತ್ತೊಂದು ಲೇಖಕರು. ದಿನಕ್ಕೊಬ್ಬರ ಜೊತೆ ಚಾಟ್. ಇಲ್ಲಿನ ಗ್ರಂಥಪಾಲಕರ ಸಂಘದಲ್ಲಿ ಹದಿಹರೆಯದವರ ಸೇವೆ ನೋಡಿಕೊಳ್ಳುವ ವಿಭಾಗವಿದೆ, ಯಾಲ್ಸಾ ಅಂತಾರೆ. ಅವರು ಅಕ್ಟೋಬರ್‌ನಲ್ಲಿ ಟೀನ್ ರೀಡ್ ವೀಕ್ ಮಾಡುತ್ತಿದ್ದರು, ಅದಕ್ಕೆ ಜೋಡಿಯಾಗಿ ಇದು. ಇಲ್ಲಿನ ಒಂದು ಐಸ್‌ಕ್ರೀಮ್ ಅಂಗಡಿಗೆ ಮೂವತ್ತೊಂದು ರುಚಿಯ ಖ್ಯಾತಿ ಇದೆ, ಅದನ್ನೇ ತಿರುಚಿ 'ಥರ್ಟಿ ಒನ್ ಫ್ಲೇವರೈಟ್ಸ್' ಅಂತ ಹೆಸರಿಟ್ಟಿದ್ದರು.

ಸಮಸ್ಯೆ ಏನಾಯಿತೆಂದರೆ ನಡುವೆ ನವರಾತ್ರಿ ಬಂತು. ಮನೆಯಲ್ಲಿ ಗೊಂಬೆ ಕೂರಿಸಿದ್ದೆ. ಅರಿಶಿನ ಕುಂಕುಮಕ್ಕೆ ಹೆಂಗಸರು ಬರುವುದೂ ಸಂಜೆ ಆರಕ್ಕೇ. ಪಟ್ಟದ ಗೊಂಬೆ ಮುಂದೆ ಇಬ್ಬರು ಹಾಡುತ್ತಿದ್ದರೆ, ಇತ್ತ ಮಗಳು ಕಂಪ್ಯೂಟರಿನ ಮುಂದೆ. ಒಪ್ಪಂದದ ಪ್ರಕಾರ ನಾನೂ ಪಕ್ಕದಲ್ಲಿ ಇರಬೇಕು. ಕಡಲೆ ಉಸಲಿ ಬಡಿಸುತ್ತಾ ಮಧ್ಯೆ ಮಧ್ಯೆ ಓಡಿ ಬಂದು ಇಣುಕುತ್ತಿದ್ದೆ. ಪರಿಚಯದ ಒಬ್ಬಾಕೆ "ಏನ್ರೀ, ಮಗಳು ಹಬ್ಬದ ದಿನಾನೂ ಹೋಂವರ್ಕ್ ಮಾಡ್ತಾಳಾ, ಪಾಪ" ಅಂದರು. ಹೂಂ ಅಂದುಬಿಟ್ಟೆ. ಮೂವತ್ತೊಂದರಲ್ಲಿ ನಾವು ಹಿಡಿದದ್ದು ಹತ್ತೊಂಬತ್ತು. ಎಲ್ಲದರ ಪ್ರಿಂಟ್ ತೆಗೆದು ಫೈಲ್ ಮಾಡಿದ್ದೆ. ಫೈಲ್ ಇಟ್ಟದ್ದು ಒಳ್ಳೆಯದಾಯಿತು, ಮುಂದೊಂದು ದಿನ ನಮ್ಮ ಯಜಮಾನರು ಕಂಪ್ಯೂಟರ್ ಬದಲಾಯಿಸುವ ಉತ್ಸಾಹದಲ್ಲಿ ಉಳಿದದ್ದೆಲ್ಲ ಅಳಿಸಿದರು.

ಮೈಸೂರಿನ ನನ್ನ ಅಕ್ಕನ ಮಗಳೂ ಒಂದು ದಿನ ಬಂದಿದ್ದಳು. ನಮ್ಮ ಸಂಜೆ ಆರು ಅಂದರೆ ಆಗ ಅಲ್ಲಿ ಮಾರನೇ ದಿನ ಬೆಳಗ್ಗೆ ಆರೂವರೆ. ಹಾಲು ಕಾಯಿಸಲು ಇಟ್ಟು ಕೂತವಳು ಹಾಲು ಉಕ್ಕಿಸಿ ಬೈಸಿಕೊಂಡಳು. ಮತ್ತೆ ಬರಲಿಲ್ಲ.

ಇನ್ನು ಮೂರನೇ ಸ್ಟಾರ್. ಅದು ಕೈ ಚಾಚುವುದಕ್ಕೆ.

2008ರ ಏಪ್ರಿಲ್‌ನಲ್ಲಿ ಇವರು ಆಪರೇಷನ್ ಟೀನ್ ಬುಕ್ ಡ್ರಾಪ್ ಅಂತ ಮಾಡಿದರು. ಅದಕ್ಕೆ ಎರಡು ಮುಖ. ಒಂದು ದೊಡ್ಡದು: ಪ್ರಕಾಶಕರಿಂದ ಸುಮಾರು 10,000 ಹೊಸ ಪುಸ್ತಕ ಪಡೆದು ಮಕ್ಕಳ ಆಸ್ಪತ್ರೆಗಳಿಗೆ, ಅಲ್ಲಿ ಮಲಗಿರುವ ಹದಿಹರೆಯದವರಿಗೆ ಹಂಚಿದರು. ಇದರ ಹಿಂದಿನ ಯೋಚನೆ ನನಗೆ ತುಂಬಾ ಹಿಡಿಸಿತು. ಮಕ್ಕಳ ಆಸ್ಪತ್ರೆ ಅಂದ ಕೂಡಲೇ ಎಲ್ಲರೂ ಕರಡಿ ಗೊಂಬೆ, ಬಣ್ಣದ ಚಿತ್ರದ ಪುಸ್ತಕ ಕೊಡುತ್ತಾರೆ. ಹದಿನಾರರ ಹುಡುಗಿ ಅಲ್ಲೇ ಮೂರು ತಿಂಗಳು ಮಲಗಿದ್ದರೆ ಅವಳಿಗೇನು? ಗೋಡೆ ಮೇಲೆ ಆನೆ, ಜಿರಾಫೆ. ಕೈಯಲ್ಲಿ ಏನಿಲ್ಲ. ನನ್ನ ಚಿಕ್ಕಮ್ಮನ ಮಗಳು ಆ ವಯಸ್ಸಿನಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹಾಗೇ ಮಲಗಿದ್ದಳು. ಪುಟ್ಟ ಮಕ್ಕಳ ಕಾಮಿಕ್ಸನ್ನೇ ಹನ್ನೆರಡು ಸಲ ಓದಿದ್ದೆ ಅನ್ನುತ್ತಿದ್ದಳು. ಮುಂದೆ 2010ರಲ್ಲಿ ಇದೇ ತಂಡ ಅಮೆರಿಕದ ಮೂಲನಿವಾಸಿಗಳ ನೆಲೆಗಳಲ್ಲಿರುವ ಹುಡುಗ ಹುಡುಗಿಯರಿಗೆ ಪುಸ್ತಕ ಮುಟ್ಟಿಸಿತು.

ಇನ್ನೊಂದು ಮುಖ ಚಿಕ್ಕದು, ನಮ್ಮಂಥವರಿಗೆ. ನಿಮಗೆ ಇಷ್ಟವಾದ ಒಂದು ಪುಸ್ತಕ ತೆಗೆದುಕೊಳ್ಳಿ. ಅವರು ಕೊಟ್ಟ ಲೇಬಲ್ ಪ್ರಿಂಟ್ ಮಾಡಿ ಒಳಗೆ ಅಂಟಿಸಿ. ನಿಗದಿಯಾದ ದಿನ ಊರಲ್ಲಿ ಎಲ್ಲಾದರೂ ಇಟ್ಟು ಬನ್ನಿ. ಸಿಕ್ಕಿದವರಿಗೆ ಸಿಕ್ಕಿತು, ಅಷ್ಟೇ. ಆ ಸಲ ಅದು ಏಪ್ರಿಲ್ 17, ಗುರುವಾರ, ಇಲ್ಲಿನ ಗ್ರಂಥಾಲಯ ಸಪ್ತಾಹದ ನಡುವೆ.

ಮಗಳು ತನ್ನ ಕಪಾಟಿನಿಂದ ಒಂದು ಪುಸ್ತಕ ತೆಗೆಯಲು ಎರಡು ದಿನ ತೆಗೆದುಕೊಂಡಳು. ಇಷ್ಟವಿಲ್ಲದ್ದನ್ನು ಕೊಡಬಾರದು, ಇಷ್ಟವಾದದ್ದನ್ನು ಕೊಡಲು ಮನಸ್ಸಿಲ್ಲ. ಕೊನೆಗೆ ತನ್ನದೇ ಟಿಪ್ಪಣಿ ಇದ್ದ ಒಂದನ್ನು ಆರಿಸಿ, ಆ ಟಿಪ್ಪಣಿಗಳನ್ನೆಲ್ಲ ರಬ್ಬರಿನಿಂದ ಅಳಿಸಿದಳು. ನೂರ ಹನ್ನೆರಡನೇ ಪುಟದಲ್ಲಿ ಒಂದನ್ನು ಬಿಟ್ಟಳು. ಯಾಕೆ ಅಂತ ಕೇಳಿದ್ದಕ್ಕೆ "ಇರಲಿ" ಅಂದಳು.

ಸಿಯಾಟಲ್ ಕಡೆ ಏಪ್ರಿಲ್ ಅಂದರೆ ಮಳೆ. ಪುಸ್ತಕವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದೆವು. ಹೋಳಿಗೆ ಕಟ್ಟಿಕೊಡಲು ತಂದಿದ್ದ ಚೀಲ. ಶಾಲೆ ಬಿಟ್ಟ ಮೇಲೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಇಟ್ಟು, ಎದುರು ಕಾರಲ್ಲಿ ಕೂತು ಕಾದೆವು. ಮೊದಲು ಒಬ್ಬ ಹುಡುಗ ಬಂದ. ಎತ್ತಿ ನೋಡಿ, ಸುತ್ತಲೂ ನೋಡಿ, ಬಾಂಬೇನೋ ಅನ್ನುವಂತೆ ಮೆತ್ತಗೆ ವಾಪಸ್ ಇಟ್ಟ. ಮಗಳು ನಿಟ್ಟುಸಿರು ಬಿಟ್ಟಳು. ಒಬ್ಬ ಮುದುಕರು ಅದನ್ನು ಸರಿಸಿ ಕೂತರು. ಬಸ್ ಬಂತು, ಹೋಯಿತು. ವೈಪರ್ ಒಂದು ಸಲ ಹಾಕುವುದು, ನೋಡುವುದು. ಮುಕ್ಕಾಲು ಗಂಟೆ ಆದ ಮೇಲೆ ಹೋಟೆಲ್ ಕೆಲಸದ ಏಪ್ರನ್ ಹಾಕಿಕೊಂಡಿದ್ದ ಒಬ್ಬ ಹುಡುಗಿ ಬಂದಳು. ಹದಿನೇಳೋ ಹದಿನೆಂಟೋ. ಚೀಲ ಬಿಚ್ಚಿ ಲೇಬಲ್ ಓದಿದಳು. ಓದಿ, ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಳ್ಳಲಿಲ್ಲ. ಅಲ್ಲೇ ನಿಂತು ಮೊದಲ ಪುಟ ತೆರೆದಳು. ಅವಳ ಬಸ್ ಬಂದಾಗ ಬೆರಳು ಪುಟದ ನಡುವೆ ಸಿಕ್ಕಿಸಿಕೊಂಡೇ ಹತ್ತಿದಳು.

ಮಗಳು ಮನೆಗೆ ಬರುವವರೆಗೂ ಮಾತಾಡಲಿಲ್ಲ. ಖುಷಿಯೋ, ಪುಸ್ತಕ ಹೋದ ದುಃಖವೋ ಗೊತ್ತಾಗಲಿಲ್ಲ.

ಉತ್ಸಾಹದಲ್ಲಿ ನಾನೂ ಒಂದು ಪುಸ್ತಕಕ್ಕೆ ಲೇಬಲ್ ಅಂಟಿಸಿದ್ದೆ. ಆ ಶನಿವಾರ ನಮ್ಮ ಕನ್ನಡದವರ ಯುಗಾದಿ ಕಾರ್ಯಕ್ರಮ. ಮಗಳು ಬೇಡ ಬೇಡ ಅಂದರೂ ಕೇಳದೆ ಚಪ್ಪಲಿ ಬಿಡುವ ಜಾಗದ ಪಕ್ಕದ ಕುರ್ಚಿಯ ಮೇಲೆ ಇಟ್ಟು ಬಂದೆ. ನಮ್ಮ ಹುಡುಗಿಯರಿಗೂ ಸಿಗಲಿ ಅಂತ. ಪುಟ್ಟ ಮಕ್ಕಳ ಕೋಲಾಟ ಮುಗಿಯಿತು, ಚಪ್ಪಾಳೆ ನಿಂತಿತು, ಮೈಕಲ್ಲಿ ದನಿ ಬಂತು: "ಯಾರೋ ಇಂಗ್ಲಿಷ್ ಪುಸ್ತಕ ಬಿಟ್ಟು ಹೋಗಿದ್ದೀರಿ, ಪ್ಲಾಸ್ಟಿಕ್ ಕವರಲ್ಲಿದೆ, ದಯವಿಟ್ಟು ಸ್ಟೇಜ್ ಹತ್ತಿರ ಬಂದು ತಗೊಳ್ಳಿ." ನಾನು ಕೂತಲ್ಲೇ ಕೂತೆ. ಊಟದ ಹೊತ್ತಿಗೆ ಇನ್ನೊಂದು ಸಲ ಕೂಗಿದರು. "ಬರಲಿಲ್ಲ ಅಂದ್ರೆ ಕಸಕ್ಕೆ ಹಾಕ್ತೀವಿ" ಅಂತಲೂ ಸೇರಿಸಿದರು. ಮಗಳು ಪಕ್ಕದಲ್ಲಿ ಕಣ್ಣು ಕೆಂಪಾಗುವಷ್ಟು ನಗು ತಡೆದುಕೊಂಡಿದ್ದಳು. ಕೊನೆಗೆ ನಾನೇ ಎದ್ದು ಹೋಗಿ, ನೂರಾರು ಜನರ ಮುಂದೆ ನನ್ನ ಪುಸ್ತಕ ನಾನೇ ಈಸಿಕೊಂಡು ಬಂದೆ.

ನಾಲ್ಕನೇ ಸ್ಟಾರಿಗೆ ದೊಡ್ಡ ಕಾರಣ ಏನಿಲ್ಲ. ನಾನೂ ಓದಿದೆ, ಅದಕ್ಕೆ. ಒಪ್ಪಂದ ಆದ ಮೇಲೆ ಪುಸ್ತಕ ಓದದೆ ಹೇಗೆ ಕೂರುವುದು? ಹದಿಹರೆಯದವರ ಕಾದಂಬರಿ ಅಂದರೆ ಸುಮ್ನೆ ಬಾಯ್‌ಫ್ರೆಂಡ್ ಕತೆ ಅಂದುಕೊಂಡಿದ್ದವಳು ನಾನು. ಅದೂ ಇತ್ತು. ಆದರೆ ಪದ್ಯದಲ್ಲಿ ಕಾದಂಬರಿ ಅನ್ನುವುದನ್ನು ನಾನು ಮೊದಲು ಓದಿದ್ದು ಈ ಬಳಗದಿಂದಲೇ. ಹಾಳೆ ತುಂಬಾ ಖಾಲಿ ಜಾಗ, ಅಲ್ಲೊಂದು ಇಲ್ಲೊಂದು ಸಾಲು. ಮೊದಲು ಕಾಗದ ದಂಡ ಅನ್ನಿಸಿತು. ಓದುತ್ತಾ ಹೋದ ಹಾಗೆ ಆ ಹುಡುಗಿ ಬಾಯಿಬಿಟ್ಟು ಹೇಳದಿದ್ದದ್ದೆಲ್ಲ ಆ ಖಾಲಿ ಜಾಗದಲ್ಲೇ ಇದೆ ಅಂತ ಗೊತ್ತಾಯಿತು. ನನ್ನ ಚಿಕ್ಕ ಮಗನೂ, ಅವನಿಗೆ ಆಗ ಒಂಬತ್ತು, ಕದ್ದು ಕದ್ದು ಇವನ್ನೆಲ್ಲ ಓದುತ್ತಿದ್ದ. ಹೆಸರಲ್ಲಿ ಗರ್ಲ್ ಅಂತ ಇದ್ದದ್ದರಿಂದ ಯಾರಿಗೂ ಹೇಳುತ್ತಿರಲಿಲ್ಲ, ಅಷ್ಟೆ.

ಆಮೇಲೆ ಈ ಬಳಗಕ್ಕೆ ದೊಡ್ಡ ಮನ್ನಣೆಯೂ ಸಿಕ್ಕಿತು. ನ್ಯಾಷನಲ್ ಬುಕ್ ಅವಾರ್ಡ್ ಕೊಡುವ ನ್ಯಾಷನಲ್ ಬುಕ್ ಫೌಂಡೇಶನ್‌ನವರೇ ಇನೊವೇಷನ್ಸ್ ಇನ್ ರೀಡಿಂಗ್ ಬಹುಮಾನ ಕೊಟ್ಟರು. ಪೇಪರಲ್ಲಿ ನೋಡಿ ನನಗೇ ಬಂದಷ್ಟು ಹಿಗ್ಗಿದ್ದೆ.

ಈಗ ಕಿತ್ತುಕೊಂಡ ಸ್ಟಾರ್ ಬಗ್ಗೆ.

ತಿಂಗಳಿಗೊಂದು ಪುಸ್ತಕ ಅನ್ನುವುದು ಕೊಂಡು ಓದುವವರಿಗೆ ಸರಿ. ಲೈಬ್ರರಿಯಲ್ಲಿ ಸಾಲು ನಿಂತು ಓದುವವರಿಗೆ ಕಷ್ಟ. ನಾವು ಹೆಸರು ಬರೆಸಿ ಕಾದು, ಪುಸ್ತಕ ಕೈಗೆ ಬರುವಷ್ಟರಲ್ಲಿ ಬಳಗ ಮುಂದಿನ ಪುಸ್ತಕಕ್ಕೆ ಹೋಗಿರುತ್ತಿತ್ತು. ಎರಡು ತಿಂಗಳಿಗೊಂದು ಇದ್ದಿದ್ದರೆ ಏನಾಗುತ್ತಿತ್ತು? ಓದು ಅನ್ನುವುದು ಬಸ್ ಹಿಡಿಯುವ ಕೆಲಸವೇ? ಹಾಡಿನ ಪಟ್ಟಿಯೂ ನನಗೆ ಜಾಸ್ತಿ ಅನ್ನಿಸಿತು, ಆದರೆ ಅದು ನನ್ನ ವಯಸ್ಸಿನ ದೂರು ಇರಬಹುದು. ಮಗಳಿಗೆ ಪುಸ್ತಕಕ್ಕಿಂತ ಮೊದಲು ಬೇಕಿದ್ದದ್ದೇ ಅದು.

ನಿಜವಾದ ಕೊರತೆ ಬೇರೆ. ಆಗಿನ ಅಮೆರಿಕದ ಹದಿಹರೆಯದ ಕಾದಂಬರಿಗಳಲ್ಲಿ ನಮ್ಮಂಥ ಮನೆಗಳು ತೀರಾ ಕಡಿಮೆ. ಅದು ಬಳಗದ ತಪ್ಪು ಅನ್ನಲಾರೆ, ಅಚ್ಚಾಗುತ್ತಿದ್ದದ್ದೇ ಅಷ್ಟು. ಚೆನ್ ಅಂಥವರು ಇದ್ದದ್ದರಿಂದ ಆ ಕಿಟಕಿ ಸ್ವಲ್ಪವಾದರೂ ತೆರೆದಿತ್ತು. ಆದರೂ ಮಗಳು ಒಂದು ದಿನ ಕೇಳಿದಳು: "ಅಮ್ಮಾ, ಈ ಹುಡುಗಿಯರೆಲ್ಲ ಧೈರ್ಯ ಮಾಡಿ ಅಪ್ಪ ಅಮ್ಮನ ಮಾತು ಮೀರ್ತಾರೆ. ಮೀರದೆ ಧೈರ್ಯ ಮಾಡೋ ಹುಡುಗಿ ಯಾವ ಪುಸ್ತಕದಲ್ಲೂ ಇಲ್ವಾ?" ನನಗೆ ಉತ್ತರ ಹೊಳೆಯಲಿಲ್ಲ. ನಾನು ಓದಿದ್ದ ಕನ್ನಡ ಕಾದಂಬರಿಗಳಲ್ಲಿ ಮಾತು ಮೀರದವರೇ ತುಂಬಿದ್ದರು. ಅವರಿಗೆ ಧೈರ್ಯ ಇತ್ತು ಅಂತ ನನಗೆ ಆಗ ಗೊತ್ತಾಗಿರಲಿಲ್ಲ. ಇದನ್ನು ಚಾಟಿನಲ್ಲಿ ಕೇಳು ಅಂದೆ. ಕೇಳಲಿಲ್ಲ. ಅಷ್ಟು ಹೊತ್ತಿಗೆ ಅವಳಿಗೆ ಹದಿನಾಲ್ಕು ತುಂಬಿ, ಸ್ವಂತ ಅಕೌಂಟ್ ಆಗಿತ್ತು. ಅಲ್ಲಿ ಏನು ಕೇಳುತ್ತಿದ್ದಳೋ ನನಗೆ ಗೊತ್ತಿಲ್ಲ.

ಹಾಗಂತ ನಾನು ಬಿಡಲಿಲ್ಲ. ಅವಳು ತನ್ನ ರೂಮಿಂದ, ನಾನು ಅಡುಗೆಮನೆಯಿಂದ, ಇಬ್ಬರೂ ಒಂದೇ ಚಾಟಿನಲ್ಲಿ ಇರುತ್ತಿದ್ದೆವು. ಒಬ್ಬರಿಗೊಬ್ಬರು ಪರಿಚಯ ಇಲ್ಲದವರ ಹಾಗೆ.

ಮೈಸ್ಪೇಸ್‌ನ ಆ ಗುಂಪು ಈಗಿಲ್ಲ. ಹಾಗಾಗಿ ತಮ್ಮನಿಗೆ "ಇಲ್ಲಿಗೆ ಸೇರಿಸು" ಅಂತ ಹೇಳುವ ಹಾಗಿಲ್ಲ. ಇಲ್ಲದ ಹೋಟೆಲಿನ ದೋಸೆಗೆ ರಿವ್ಯೂ ಬರೆದ ಹಾಗಾಯಿತು ಅನ್ನಬಹುದು ನೀವು. ದೋಸೆ ಮಾಡುವ ವಿಧಾನ ನೆನಪಿದೆಯಲ್ಲ, ಅದನ್ನು ಹೇಳಿದೆ. ಅವನ ಮಗಳ ಜೊತೆ ಮೂರು ಹುಡುಗಿಯರು ಸಾಕು. ವಾಟ್ಸಾಪ್ ಗುಂಪು ಅವನ ಹೆಂಡತಿಯ ನಂಬರಿನಲ್ಲಿ ಮಾಡಲಿ. ಎರಡು ತಿಂಗಳಿಗೊಂದು ಕನ್ನಡ ಪುಸ್ತಕ, ಬರೆದವರು ಈಗ ಬದುಕಿರುವವರಾಗಿರಬೇಕು. ಓದಿ ಮುಗಿದ ಮೇಲೆ ಅವರಿಗೇ ಮೆಸೇಜ್ ಮಾಡಿ ಅರ್ಧ ಗಂಟೆ ಮಾತಾಡುತ್ತೀರಾ ಅಂತ ಕೇಳಲಿ. ನಮ್ಮ ಲೇಖಕಿಯರು ಇಲ್ಲ ಅನ್ನುವವರಲ್ಲ, ಕೇಳುವವರೇ ಕಡಿಮೆ. ಮತ್ತೆ ಪುಸ್ತಕಕ್ಕೊಂದು ಕೆಲಸ ಇರಬೇಕು, ಇದನ್ನು ಮರೆಯಬಾರದು ಅಂತ ಎರಡು ಸಲ ಹೇಳಿದೆ.

ಹಳೇ ಫೈಲಿನಲ್ಲಿ ಬುಕ್ ಡ್ರಾಪ್‌ನ ಲೇಬಲ್ ಒಂಬತ್ತು ಉಳಿದಿದ್ದವು, ಅಂಚು ಹಳದಿಯಾಗಿದೆ. ಇಲ್ಲಿಂದ ಊರಿಗೆ ಹೊರಟವರೊಬ್ಬರ ಕೈಯಲ್ಲಿ ಕಳಿಸಿಕೊಟ್ಟೆ. ಇಂಗ್ಲಿಷ್ ಸಾಲಿನ ಕೆಳಗೆ ನೀನೇ ಕನ್ನಡದಲ್ಲಿ ಬರೆದುಕೋ ಅಂತ ಹೇಳಿದ್ದೆ. ನಿನ್ನೆ ತಮ್ಮನ ಮಗಳ ವಾಯ್ಸ್ ಮೆಸೇಜ್ ಬಂತು. ಮೊದಲ ಪುಸ್ತಕ ತಿಪಟೂರು ಬಸ್ ಸ್ಟ್ಯಾಂಡಲ್ಲಿ ಇಡುತ್ತಾಳಂತೆ. "ಅತ್ತೆ, ಅಲ್ಲೂ ಮೈಕಲ್ಲಿ ಅನೌನ್ಸ್ ಮಾಡಿಬಿಡ್ತಾರಾ?" ಅಂತ ಕೇಳಿದ್ದಾಳೆ.

ಗ್ಯಾರಂಟಿ ಮಾಡ್ತಾರೆ, ನೀನು ಮಾತ್ರ ಏಳಬೇಡ ಅಂತ ಉತ್ತರ ಕಳಿಸಿದ್ದೇನೆ.